50–6ರಲ್ಲಿ ಸೋತವರು ಫೈನಲ್‌ಗೆ ಬಂದದ್ದು ಹೇಗೆ? 2005ರ ವೆಸ್ಟ್ಸ್ ಟೈಗರ್ಸ್ ಗೆಲುವಿನ ಹಿಂದಿನ ಲೆಕ್ಕ

2005ರ ಸೆಪ್ಟೆಂಬರ್‌ನಲ್ಲಿ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ಅನ್ನುವ ತಂಡ ಫೈನಲ್ಸ್ ಹಂತದ, ಅಂದರೆ ಅಂಕಪಟ್ಟಿಯ ಮೊದಲ ಎಂಟು ತಂಡಗಳು ಪಟ್ಟಕ್ಕಾಗಿ ಆಡುವ ಕೊನೆಯ ಹಂತದ, ಮೊದಲ ಪಂದ್ಯದಲ್ಲೇ 50–6ರಿಂದ ಸೋತಿತು. ರಗ್ಬಿ ಲೀಗ್‌ನಲ್ಲಿ ಇಂಥ ಸೋಲು ಅಂದರೆ ಮಾನ ಹರಾಜಾದ ಹಾಗೆ. ಇನ್ನೇನು, ಬ್ಯಾಗ್ ಕಟ್ಟಿ ಮನೆಗೆ ಹೋಗುವುದೊಂದೇ ಬಾಕಿ ಅಂದುಕೊಳ್ಳುತ್ತೀರಿ ಅಲ್ವಾ? ಇಲ್ಲ. ಮೂರು ವಾರ ಕಳೆದು, ಅಕ್ಟೋಬರ್ 2ರಂದು, ಅದೇ ಕೌಬಾಯ್ಸ್ ಸಿಡ್ನಿಯಲ್ಲಿ 82,453 ಜನರ ಮುಂದೆ ಗ್ರ್ಯಾಂಡ್ ಫೈನಲ್, ಅಂದರೆ ಪಟ್ಟ ಯಾರಿಗೆ ಅಂತ ತೀರ್ಮಾನಿಸುವ ಕೊನೆಯ ಪಂದ್ಯ, ಆಡುತ್ತಿತ್ತು. ಎದುರಿಗಿದ್ದದ್ದು ಅವರಿಗೆ 50 ಅಂಕ ಬಾರಿಸಿದ್ದ ವೆಸ್ಟ್ಸ್ ಟೈಗರ್ಸ್. ಆ ಟೈಗರ್ಸ್ ಕೂಡ ಅದಕ್ಕೆ ಮೊದಲು ಒಂದೇ ಒಂದು ಸಲವೂ ಫೈನಲ್ಸ್ ಹಂತದ ಮುಖ ನೋಡಿದ ತಂಡವಲ್ಲ. ಅವತ್ತು ಅವರು 30–16ರಿಂದ ಗೆದ್ದು ಆಸ್ಟ್ರೇಲಿಯಾದ ನ್ಯಾಷನಲ್ ರಗ್ಬಿ ಲೀಗ್, ಅಂದರೆ ಎನ್‌ಆರ್‌ಎಲ್ ಚಾಂಪಿಯನ್ ಆದರು.

ಇದನ್ನು ಪವಾಡ ಅಂತ ಹೇಳಿ ಮುಗಿಸಿಬಿಡುವವರೇ ಜಾಸ್ತಿ. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. ಆ ಹುಡುಗರ ಆಟ ಪವಾಡವೇ, ಒಪ್ಪೋಣ. ಆದರೆ ಈ ಲೀಗನ್ನು ಕಟ್ಟಿರುವ ರೀತಿಯೇ ಹಾಗಿದೆ. ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ತಂಡ ಗೆಲ್ಲಲಿ ಅಂತ ಬಾಗಿಲು ಅರ್ಧ ತೆರೆದೇ ಇಟ್ಟಿದ್ದಾರೆ. ಆ ಬಾಗಿಲು ಎಲ್ಲಿದೆ ಅನ್ನುವುದು ಗೊತ್ತಾಗಬೇಕಾದರೆ ಮೊದಲು ಆಟ ಸ್ವಲ್ಪ ಗೊತ್ತಿರಬೇಕು.

ರಗ್ಬಿಯಲ್ಲಿ ಎರಡು ಥರ ಇದೆ, ಯೂನಿಯನ್ ಮತ್ತು ಲೀಗ್. ನಮ್ಮ ದೇಶದಲ್ಲಿ ರಗ್ಬಿ ಅಂದರೆ ಹೆಚ್ಚಾಗಿ ಯೂನಿಯನ್. ಲೀಗ್ ಹುಟ್ಟಿದ್ದು ಒಂದು ಕೂಲಿ ಜಗಳದಿಂದ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಆಡುತ್ತಿದ್ದವರಲ್ಲಿ ಗಣಿ ಕೆಲಸದವರು, ಮಿಲ್ ಕೆಲಸದವರು ತುಂಬಾ ಜನ. ಶನಿವಾರ ಆಡಲು ಹೋದರೆ ಅವತ್ತಿನ ಕೂಲಿ ಹೋಗುತ್ತಿತ್ತು. ಅದನ್ನಾದರೂ ತುಂಬಿ ಕೊಡಿ ಅಂತ ಅಲ್ಲಿನ ಕ್ಲಬ್‌ಗಳು ಕೇಳಿದವು. ಆಟಕ್ಕೆ ದುಡ್ಡು ಮುಟ್ಟಬಾರದು ಅಂತ ಆಟ ನಡೆಸುತ್ತಿದ್ದ ಹೊಟ್ಟೆ ತುಂಬಿದವರು ಹಠ ಹಿಡಿದರು. 1895ರಲ್ಲಿ ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲ್‌ನಲ್ಲಿ ಸಭೆ ಸೇರಿ ಉತ್ತರದ ಕ್ಲಬ್‌ಗಳು ಬೇರೆಯಾದವು. 1908ರಲ್ಲಿ ಸಿಡ್ನಿಯಲ್ಲೂ ಲೀಗ್ ಶುರುವಾಯಿತು. ಮೊದಲ ವರ್ಷವೇ ಆಡಿದ ಕ್ಲಬ್‌ಗಳಲ್ಲಿ ಬಾಲ್ಮೇನ್ ಮತ್ತು ವೆಸ್ಟರ್ನ್ ಸಬರ್ಬ್ಸ್ ಎರಡೂ ಇದ್ದವು. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ.

ಇನ್ನು ಆಟ. ಒಂದೊಂದು ಕಡೆ 13 ಜನ, 80 ನಿಮಿಷ. ಚೆಂಡನ್ನು ಕೈಯಿಂದ ಹಿಂದಕ್ಕೆ ಮಾತ್ರ ಕೊಡಬಹುದು, ಮುಂದೆ ಹೋಗಬೇಕಾದರೆ ಹಿಡಿದುಕೊಂಡು ಓಡಬೇಕು ಇಲ್ಲ ಒದೆಯಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, 4 ಅಂಕ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೂ 2. ಲೀಗ್‌ನ ಜೀವಾಳ ಇರುವುದು ಆರು ಟ್ಯಾಕಲ್ ನಿಯಮದಲ್ಲಿ. ಚೆಂಡು ಹಿಡಿದವನನ್ನು ಎದುರಾಳಿಗಳು ಕೆಡವಿದರೆ ಒಂದು ಟ್ಯಾಕಲ್ ಆಯಿತು. ಅವನು ಎದ್ದು, ಚೆಂಡನ್ನು ನೆಲಕ್ಕಿಟ್ಟು, ಕಾಲಿನಿಂದ ಹಿಂದಕ್ಕೆ ಉರುಳಿಸಿ ಮತ್ತೆ ಆಟ ಶುರು ಮಾಡುತ್ತಾನೆ. ಅಷ್ಟರೊಳಗೆ ಎದುರಾಳಿ ಸಾಲು 10 ಮೀಟರ್ ಹಿಂದೆ ಸರಿಯಬೇಕು. ಹೀಗೆ ಆರು ಸಲ ಬಿದ್ದರೆ ಚೆಂಡು ಅವರ ಪಾಲು. ಅದಕ್ಕೇ ಐದು ಸಲ ಬಿದ್ದಮೇಲೆ ಸಾಮಾನ್ಯವಾಗಿ ಚೆಂಡನ್ನು ದೂರ ಒದ್ದುಬಿಡುತ್ತಾರೆ.

ಇದರಿಂದ ಏನಾಗುತ್ತದೆ ನೋಡಿ. ಎಷ್ಟೇ ದೊಡ್ಡ ತಂಡವಾದರೂ ಚೆಂಡನ್ನು ಬಚ್ಚಿಟ್ಟುಕೊಂಡು ಕೂರಲು ಆಗುವುದಿಲ್ಲ. ಎರಡೂ ಕಡೆಯವರಿಗೆ ಸರದಿ ಬರುತ್ತಲೇ ಇರುತ್ತದೆ. ಮತ್ತೆ ಮತ್ತೆ 10 ಮೀಟರ್ ಹಿಂದೆ ಓಡಿ ಮುಂದೆ ನುಗ್ಗಿ, ನೂರು ಕಿಲೋ ದಾಟಿದ ದಾಂಡಿಗರು ಅರ್ಧ ಗಂಟೆಯಲ್ಲಿ ಏದುಸಿರು ಬಿಡುತ್ತಾರೆ. ಆ ಹೊತ್ತಿಗೆ ಸಣ್ಣ ಮೈಯ, ಚುರುಕು ಕಾಲಿನ ಹುಡುಗನೊಬ್ಬ ಅವರ ನಡುವೆ ನುಸುಳಿದರೆ ಹಿಡಿಯುವವರು ಇರುವುದಿಲ್ಲ. 2005ರ ಟೈಗರ್ಸ್ ತಂಡದ ಆಟವೆಲ್ಲ ನಿಂತಿದ್ದು ಇದರ ಮೇಲೆ.

ಈಗ ಆ ಎರಡು ಕ್ಲಬ್‌ಗಳಿಗೆ ಬರೋಣ. ಬಾಲ್ಮೇನ್ ಅಂದರೆ ಸಿಡ್ನಿ ಬಂದರಿನ ಅಂಚಿನ ಹಳೆಯ ಕಾರ್ಮಿಕರ ಬಡಾವಣೆ. ಈಗ ಅಲ್ಲಿ ಮನೆ ಕೊಳ್ಳಬೇಕಾದರೆ ಕೋಟಿಗಳ ಮಾತು, ಅದು ಬೇರೆ ಕಥೆ. ವೆಸ್ಟರ್ನ್ ಸಬರ್ಬ್ಸ್, ಚಿಕ್ಕದಾಗಿ ವೆಸ್ಟ್ಸ್, ಮೊದಲು ನಗರದ ಪಶ್ಚಿಮದಲ್ಲಿದ್ದು, 1987ರಲ್ಲಿ ದೂರದ ಕ್ಯಾಂಪ್‌ಬೆಲ್‌ಟೌನ್‌ಗೆ ಹೋಯಿತು. ಬಾಲ್ಮೇನ್ ಕೊನೆಯ ಸಲ ಚಾಂಪಿಯನ್ ಆಗಿದ್ದು 1969ರಲ್ಲಿ, ವೆಸ್ಟ್ಸ್ 1952ರಲ್ಲಿ. ಹೆಸರು ದೊಡ್ಡದು, ಗಲ್ಲಾಪೆಟ್ಟಿಗೆ ಖಾಲಿ.

ಆಮೇಲೆ ಬಂತು ದುಡ್ಡಿನ ಯುದ್ಧ. 1995ರಲ್ಲಿ ರೂಪರ್ಟ್ ಮರ್ಡಾಕ್ ಅವರ ನ್ಯೂಸ್ ಕಂಪನಿ ಪೇ ಟಿವಿಗೋಸ್ಕರ ಸೂಪರ್ ಲೀಗ್ ಅಂತ ಬೇರೆಯದೇ ಲೀಗ್ ಕಟ್ಟಲು ಹೊರಟಿತು. ಇನ್ನೊಂದು ಕಡೆ ಹಳೆಯ ಲೀಗಿನ ಬೆನ್ನಿಗೆ ಕೆರ್ರಿ ಪ್ಯಾಕರ್ ನಿಂತರು. ಹೌದು, ಕ್ರಿಕೆಟ್‌ಗೆ ಬಣ್ಣದ ಬಟ್ಟೆ ತೊಡಿಸಿದ ಅದೇ ಪ್ಯಾಕರ್. 1997ರಲ್ಲಿ ಎರಡು ಲೀಗ್ ಒಟ್ಟಿಗೆ ನಡೆದು ಎರಡೂ ಬಡವಾದವು. 1998ರಲ್ಲಿ ರಾಜಿಯಾಗಿ ಎನ್‌ಆರ್‌ಎಲ್ ಹುಟ್ಟಿತು. ಆದರೆ ಒಂದು ಷರತ್ತು: 20 ತಂಡ ಜಾಸ್ತಿಯಾಯಿತು, 2000ದ ಹೊತ್ತಿಗೆ 14 ಮಾತ್ರ ಉಳಿಯಬೇಕು. ಒಂಟಿಯಾಗಿ ನಿಂತರೆ ಹೊರಗೆ ಹಾಕಿಸಿಕೊಳ್ಳುವ ಭಯ. ಸೌತ್ ಸಿಡ್ನಿಯಂಥ ಹಳೆಯ ಕ್ಲಬ್ಬನ್ನೇ ಹೊರಗೆ ಹಾಕಿದರು. ಅವರು ಬೀದಿಗಿಳಿದು, ಕೋರ್ಟಿಗೆ ಹೋಗಿ, 2002ರಲ್ಲಿ ವಾಪಸ್ ಬಂದರು. ಬಾಲ್ಮೇನ್, ವೆಸ್ಟ್ಸ್ ಎರಡೂ ಅಷ್ಟು ದೂರ ಹೋಗದೆ ಒಂದಾದವು. ಹೆಸರು ವೆಸ್ಟ್ಸ್ ಟೈಗರ್ಸ್. ಜೆರ್ಸಿಗೆ ಇಬ್ಬರ ಬಣ್ಣವೂ ಬಂತು, ಪಂದ್ಯಗಳನ್ನು ಇಬ್ಬರ ಮೈದಾನಕ್ಕೂ ಹಂಚಿದರು. ಒಂದು ಬಾಲ್ಮೇನ್‌ನವರ ಲೈಕಾರ್ಟ್‌ನಲ್ಲಿ, ಇನ್ನೊಂದು ಎಷ್ಟೋ ದೂರದ ಕ್ಯಾಂಪ್‌ಬೆಲ್‌ಟೌನ್‌ನಲ್ಲಿ. ಹಳೆಯ ಅಭಿಮಾನಿಗಳಲ್ಲಿ ತುಂಬಾ ಜನಕ್ಕೆ ಇದು ಒಲ್ಲದ ಮದುವೆಯೇ ಆಗಿತ್ತು. 2000ದಿಂದ 2004ರವರೆಗೆ ಐದು ಸೀಸನ್, ಒಂದು ಸಲವೂ ಮೊದಲ ಎಂಟರೊಳಗೆ ಬರಲಿಲ್ಲ.

2003ರಲ್ಲಿ ಕೋಚ್ ಆಗಿ ಬಂದವರು ಟಿಮ್ ಶೀನ್ಸ್. ಇಲ್ಲೊಂದು ತಮಾಷೆ ಇದೆ. 1989ರ ಗ್ರ್ಯಾಂಡ್ ಫೈನಲ್‌ನಲ್ಲಿ ಬಾಲ್ಮೇನ್ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವರ ಬೆನ್ನಿ ಎಲಾಯಸ್ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿದು ವಾಪಸ್ ಬಂತು, ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು, ಕ್ಯಾನ್‌ಬೆರಾ 19–14ರಿಂದ ಗೆದ್ದಿತು. ಬಾಲ್ಮೇನ್‌ನ ಹಳಬರು ಇವತ್ತಿಗೂ ಆ ಪಂದ್ಯದ ಮಾತು ಬಂದರೆ ಮುಖ ತಿರುಗಿಸುತ್ತಾರೆ. ಅವತ್ತು ಕ್ಯಾನ್‌ಬೆರಾದ ಕೋಚ್ ಇದೇ ಶೀನ್ಸ್! ಅವತ್ತು ಕ್ಯಾನ್‌ಬೆರಾ ಅಂಕಪಟ್ಟಿಯಲ್ಲಿ ನಾಲ್ಕನೇ ಸ್ಥಾನದಿಂದ ಬಂದು ಗೆದ್ದಿತ್ತು. ಅದೂ ಸಾಲದು ಅಂತ, ಟೈಗರ್ಸ್‌ಗೆ ಬರುವ ಮೊದಲು ಅವರು ಕೋಚ್ ಆಗಿದ್ದು ಕೌಬಾಯ್ಸ್ ತಂಡಕ್ಕೆ.

ಸರಿ, ಬಾಗಿಲಿನ ವಿಷಯ. ಮೊದಲನೆಯದು ಸಂಬಳದ ಮಿತಿ. ಐಪಿಎಲ್‌ನಲ್ಲಿ ಹರಾಜಿಗೆ ಎಲ್ಲ ತಂಡಕ್ಕೂ ಒಂದೇ ಮೊತ್ತದ ಪರ್ಸ್ ಕೊಡುತ್ತಾರಲ್ಲ, ಅದೇ ಥರ ಇಲ್ಲೂ ಪ್ರತಿ ಕ್ಲಬ್ ತನ್ನ ಮುಖ್ಯ ಆಟಗಾರರಿಗೆ ಒಟ್ಟು ಇಷ್ಟೇ ಸಂಬಳ ಕೊಡಬೇಕು ಅಂತ ಮೇಲ್ಮಿತಿ ಇದೆ. ಹರಾಜು ಮಾತ್ರ ಇಲ್ಲ. ಕ್ಲಬ್‌ಗಳು ಆಟಗಾರರ ಜೊತೆ ನೇರವಾಗಿ ಮಾತಾಡಿ ಒಪ್ಪಂದ ಮಾಡಿಕೊಳ್ಳುತ್ತವೆ. ನಿಯಮ ಸುಮ್ನೆ ಕಾಗದದ ಮೇಲಿಲ್ಲ. 2002ರಲ್ಲಿ ಬುಲ್‌ಡಾಗ್ಸ್ ಅಂಕಪಟ್ಟಿಯ ತುದಿಯಲ್ಲಿ ಕೂತಿದ್ದಾಗಲೇ ಮಿತಿ ಮೀರಿದ್ದು ಸಿಕ್ಕಿಬಿದ್ದು, 37 ಅಂಕ ಕಿತ್ತುಕೊಂಡರು. ತುದಿಯಲ್ಲಿದ್ದವರು ತಳಕ್ಕೆ ಬಂದರು. ಮುಂದೆ ಮೆಲ್ಬರ್ನ್ ಸ್ಟಾರ್ಮ್ ಎರಡು ಲೆಕ್ಕಪುಸ್ತಕ ಇಟ್ಟಿದ್ದು ಗೊತ್ತಾಗಿ 2010ರಲ್ಲಿ ಅವರ 2007 ಮತ್ತು 2009ರ ಚಾಂಪಿಯನ್‌ ಪಟ್ಟವನ್ನೇ ವಾಪಸ್ ತೆಗೆದುಕೊಂಡರು.

ಮಿತಿ ಇದ್ದಾಗ ಗೆಲ್ಲುವುದು ಹೇಗೆ? ಎಲ್ಲರ ಹತ್ತಿರವೂ ಅಷ್ಟೇ ದುಡ್ಡು. ಹಾಗಾಗಿ ಇನ್ನೂ ಬೆಲೆ ಬಾರದ ಆಟಗಾರರು ನಿಮ್ಮ ಹತ್ತಿರ ಎಷ್ಟು ಜನ ಇದ್ದಾರೆ ಅನ್ನುವುದೇ ಮುಖ್ಯ. ಅಂದರೆ ಹೆಸರಾಗುವ ಮೊದಲಿನ ಹುಡುಗರು, ಗಾಯದಿಂದಲೋ ಇನ್ನೇನಿಂದಲೋ ಬೇರೆ ಕ್ಲಬ್‌ಗಳು ಕೈಬಿಟ್ಟವರು. 2001ರಿಂದ 2006ರವರೆಗಿನ ಆರು ಚಾಂಪಿಯನ್‌ಗಳನ್ನು ನೋಡಿ: ನ್ಯೂಕ್ಯಾಸಲ್, ರೂಸ್ಟರ್ಸ್, ಪೆನ್ರಿತ್, ಬುಲ್‌ಡಾಗ್ಸ್, ಟೈಗರ್ಸ್, ಬ್ರಿಸ್ಬೇನ್. ಆರು ವರ್ಷ, ಆರು ತಂಡ. ಅದರಲ್ಲಿ ಪೆನ್ರಿತ್ 2001ರಲ್ಲಿ ಕಟ್ಟಕಡೆಯ ಸ್ಥಾನದಲ್ಲಿದ್ದು 2003ರಲ್ಲಿ ಗೆದ್ದ ತಂಡ.

ಟೈಗರ್ಸ್ ತಂಡದಲ್ಲಿ ಇದ್ದವರೂ ಅಂಥವರೇ. ಕ್ಯಾಪ್ಟನ್ ಸ್ಕಾಟ್ ಪ್ರಿನ್ಸ್ ಮೊದಲು ಕೌಬಾಯ್ಸ್‌ನಲ್ಲಿ ಆಡಿ, ಬ್ರಿಸ್ಬೇನ್‌ಗೆ ಹೋಗಿ, ಅಲ್ಲಿ ಎರಡು ಸಲ ಕಾಲು ಮುರಿದುಕೊಂಡು ಇಲ್ಲಿಗೆ ಬಂದವರು. ಎಲ್ಲರಿಗಿಂತ ಹಿಂದೆ ನಿಂತು ಕಾಯುವ ಫುಲ್‌ಬ್ಯಾಕ್ ಬ್ರೆಟ್ ಹಾಡ್ಜ್‌ಸನ್ ಈ ಆಟಕ್ಕೆ ತೀರಾ ಸಣ್ಣ ಆಳು. 2002ರಲ್ಲಿ, ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವಿನ ಸ್ಟೇಟ್ ಆಫ್ ಒರಿಜಿನ್ ಪಂದ್ಯದಲ್ಲಿ ಗಾರ್ಡನ್ ಟ್ಯಾಲಿಸ್ ಅನ್ನುವ ದೈತ್ಯ ಇವರ ಜೆರ್ಸಿ ಹಿಡಿದು ದರದರ ಎಳೆದುಕೊಂಡು ಹೋಗಿ ಗೆರೆಯಾಚೆ ಹಾಕಿದ ದೃಶ್ಯ ಇಂದಿಗೂ ಓಡುತ್ತಿರುತ್ತದೆ. ಅದೇ ಹಾಡ್ಜ್‌ಸನ್ 2005ರ ಸೀಸನ್‌ನಲ್ಲಿ ಒಬ್ಬರೇ 308 ಅಂಕ ಗಳಿಸಿದರು. ಅವರೂ, ಮೈದಾನದ ಅಂಚಿನಲ್ಲಿ ಓಡುವ ವಿಂಗರ್ ಪ್ಯಾಟ್ ರಿಚರ್ಡ್ಸ್ ಕೂಡ ಪ್ಯಾರಾಮ್ಯಾಟಾ ಕ್ಲಬ್ ಬಿಟ್ಟು ಬಂದವರು. ಟ್ಯಾಕಲ್ ಆದಮೇಲೆ ಚೆಂಡು ಎತ್ತಿ ಹಂಚುವ ಹುಕರ್ ಜಾಗದಲ್ಲಿ ರಾಬಿ ಫರಾ, ಲೆಬನಾನ್ ಮೂಲದ ಕುಟುಂಬದ ಹುಡುಗ. ಜಾನ್ ಸ್ಕಾಂಡಾಲಿಸ್ ಹಳೆಯ ವೆಸ್ಟ್ಸ್‌ನಿಂದ, ಮಾರ್ಕ್ ಓನೀಲ್ ಹಳೆಯ ಬಾಲ್ಮೇನ್‌ನಿಂದ ಉಳಿದುಕೊಂಡಿದ್ದವರು. ಇವರೆಲ್ಲರ ನಡುವೆ 20 ವರ್ಷದ ಬೆಂಜಿ ಮಾರ್ಷಲ್. ನ್ಯೂಜಿಲೆಂಡ್‌ನ ವಾಕಾಟಾನೆ ಊರಿನವನು, ಓದುವ ವಯಸ್ಸಿನಲ್ಲಿ ಸ್ಕಾಲರ್‌ಶಿಪ್ ಮೇಲೆ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ಗೆ ಬಂದವನು. ಎರಡೂ ಪಾದ ನೆಲದಿಂದ ಎತ್ತಿ ಪಕ್ಕಕ್ಕೆ ಜಿಗಿದು ಎದುರಾಳಿಯನ್ನು ನಿಂತಲ್ಲೇ ನಿಲ್ಲಿಸುವುದು ಅವನ ವಿದ್ಯೆ.

ಆ ವರ್ಷ 15 ತಂಡ, 26 ಸುತ್ತು, ಒಂದೊಂದು ತಂಡಕ್ಕೆ 24 ಪಂದ್ಯ. ಟೈಗರ್ಸ್ ಅರ್ಧ ಸೀಸನ್ ಏಳುತ್ತಾ ಬೀಳುತ್ತಾ ಸಾಗಿ, ಆಮೇಲೆ ಸತತ ಎಂಟು ಪಂದ್ಯ ಗೆದ್ದಿತು. ಒಟ್ಟು 14 ಗೆಲುವು, 10 ಸೋಲು, ನಾಲ್ಕನೇ ಸ್ಥಾನ. ಮೊದಲ ಸ್ಥಾನ ಪ್ಯಾರಾಮ್ಯಾಟಾದ್ದು. ಸಿಡ್ನಿಯಲ್ಲಿ ನೆಂಟರು ಇರುವವರಿಗೆ ಈ ಹೆಸರು ಚೆನ್ನಾಗಿ ಗೊತ್ತಿರುತ್ತದೆ, ಹ್ಯಾರಿಸ್ ಪಾರ್ಕ್ ಸುತ್ತಮುತ್ತಲ ಭಾರತೀಯರ ಪಾಲಿಗೆ ಅದೇ ಊರಿನ ತಂಡ. ಆ ಪ್ಯಾರಾಮ್ಯಾಟಾ ಗೆದ್ದಿದ್ದು ಎಷ್ಟು? 16. ಒಂದನೇ ಸ್ಥಾನಕ್ಕೂ ನಾಲ್ಕನೇ ಸ್ಥಾನಕ್ಕೂ ಇದ್ದದ್ದು ಎರಡೇ ಗೆಲುವಿನ ಅಂತರ. ಸಂಬಳದ ಮಿತಿ ಮಾಡುವ ಕೆಲಸ ಇದೇ.

ಎರಡನೇ ಬಾಗಿಲು ಫೈನಲ್ಸ್ ಪದ್ಧತಿ. ಇದು ಸ್ವಲ್ಪ ತಲೆ ತಿನ್ನುತ್ತದೆ, ನಿಧಾನವಾಗಿ ಓದಿ. ಆಗ ಇದ್ದದ್ದು ಮ್ಯಾಕಿಂಟೈರ್ ಪದ್ಧತಿ. ಮೊದಲ ವಾರ ಎಂಟು ತಂಡಗಳ ನಾಲ್ಕು ಪಂದ್ಯ: 1ನೇ ಸ್ಥಾನಕ್ಕೆ 8, 2ಕ್ಕೆ 7, 3ಕ್ಕೆ 6, 4ಕ್ಕೆ 5. ಸೋತ ನಾಲ್ವರಲ್ಲಿ ಎಲ್ಲರೂ ಮನೆಗೆ ಹೋಗುವುದಿಲ್ಲ. ಅಂಕಪಟ್ಟಿಯಲ್ಲಿ ಕೆಳಗಿದ್ದ ಇಬ್ಬರು ಮಾತ್ರ ಹೊರಗೆ. ಮೇಲಿದ್ದ ಇಬ್ಬರಿಗೆ ಇನ್ನೊಂದು ಅವಕಾಶ. ಗೆದ್ದ ನಾಲ್ವರಲ್ಲಿ ಮೇಲಿದ್ದ ಇಬ್ಬರಿಗೆ ಎರಡನೇ ವಾರ ರಜೆ.

2005ರಲ್ಲಿ ಏನಾಯಿತು? ಪ್ಯಾರಾಮ್ಯಾಟಾ ಗೆದ್ದಿತು, ಎರಡನೇ ಸ್ಥಾನದ ಸೇಂಟ್ ಜಾರ್ಜ್ ಇಲ್ಲವಾರಾ ಗೆದ್ದಿತು. ಇಬ್ಬರಿಗೂ ರಜೆ. ಆರನೇ ಸ್ಥಾನದ ಮೆಲ್ಬರ್ನ್ ಮೂರನೇ ಸ್ಥಾನದ ಬ್ರಿಸ್ಬೇನನ್ನು ಸೋಲಿಸಿತು. ಟೈಗರ್ಸ್ ಕೌಬಾಯ್ಸ್‌ಗೆ 50 ಅಂಕ ಹೊಡೆಯಿತು. ಸೋತವರು 3, 5, 7, 8ನೇ ಸ್ಥಾನದವರು. ಅದರಲ್ಲಿ 7 ಮತ್ತು 8 ಹೊರಗೆ. ಐದನೇ ಸ್ಥಾನದಲ್ಲಿದ್ದ ಕೌಬಾಯ್ಸ್ ಅಷ್ಟು ಹೀನಾಯವಾಗಿ ಸೋತರೂ ಉಳಿಯಿತು, ಯಾಕೆಂದರೆ ಬೇರೆ ಮೈದಾನಗಳಲ್ಲಿ ತನಗಿಂತ ಕೆಳಗಿನ ಇಬ್ಬರು ಸೋತಿದ್ದರು. ಎರಡನೇ ವಾರ ಟೈಗರ್ಸ್ ಬ್ರಿಸ್ಬೇನನ್ನು 34–6ರಿಂದ ಮನೆಗೆ ಕಳಿಸಿತು, ಕೌಬಾಯ್ಸ್ ಮೆಲ್ಬರ್ನನ್ನು ಸೋಲಿಸಿತು. ಮೂರನೇ ವಾರ ರಜೆ ಮುಗಿಸಿ ಬಂದ ದೊಡ್ಡವರಿಬ್ಬರೂ ಮಲಗಿದರು. ಟೈಗರ್ಸ್ 20–12ರಿಂದ ಸೇಂಟ್ ಜಾರ್ಜ್ ಇಲ್ಲವಾರಾ ವಿರುದ್ಧ ಗೆದ್ದಿತು. ಕೌಬಾಯ್ಸ್ ಅಂತೂ ಪ್ಯಾರಾಮ್ಯಾಟಾಗೆ ಒಂದು ಅಂಕವನ್ನೂ ಬಿಟ್ಟುಕೊಡದೆ 29–0ರಿಂದ ಗೆದ್ದಿತು.

ನನಗೆ ಈ ಪದ್ಧತಿ ಅಷ್ಟಕ್ಕಷ್ಟೇ. ನೀವು ಉಳಿಯುವುದು ಬಿಡುವುದು ಇನ್ನೊಂದು ಊರಿನಲ್ಲಿ ಇನ್ಯಾರೋ ಆಡುವ ಪಂದ್ಯದ ಮೇಲೆ ನಿಂತರೆ ಅದೆಂಥ ನ್ಯಾಯ? 2012ರಿಂದ ಅದನ್ನು ಕೈಬಿಟ್ಟು, ಮೊದಲ ನಾಲ್ಕು ಸ್ಥಾನದವರಿಗೆ ಮಾತ್ರ ಎರಡನೇ ಅವಕಾಶ ಅಂತ ಮಾಡಿದರು. ಈಗಿನ ನಿಯಮ ಅವತ್ತು ಇದ್ದಿದ್ದರೆ ಟೈಗರ್ಸ್ ಮೊದಲ ವಾರವೇ ಪ್ಯಾರಾಮ್ಯಾಟಾ ಎದುರು ಆಡಬೇಕಿತ್ತು, ಐದನೇ ಸ್ಥಾನದ ಕೌಬಾಯ್ಸ್ ಒಂದು ಸಲ ಸೋತಿದ್ದರೂ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಹಾಗಂತ ಕೌಬಾಯ್ಸ್ ಹೊಸ ನಿಯಮವನ್ನು ಬೈಯುವಂತಿಲ್ಲ. 2015ರಲ್ಲಿ ಅವರು ಮೂರನೇ ಸ್ಥಾನದಲ್ಲಿದ್ದು, ಮೊದಲ ವಾರ ಬ್ರಿಸ್ಬೇನ್‌ಗೆ ಸೋತು, ಎರಡನೇ ಅವಕಾಶ ಹಿಡಿದು ಗ್ರ್ಯಾಂಡ್ ಫೈನಲ್‌ಗೆ ಬಂದು, ಅದೇ ಬ್ರಿಸ್ಬೇನನ್ನು 17–16ರಿಂದ ಸೋಲಿಸಿ ತಮ್ಮ ಮೊದಲ ಪಟ್ಟ ಗೆದ್ದರು.

2005ರ ಫೈನಲ್‌ಗೆ ಮರಳೋಣ. 50–6 ನೋಡಿದವರು ಒಂದೇ ಕಡೆಯ ಪಂದ್ಯ ಅಂದುಕೊಂಡಿದ್ದರೆ ಅವರಿಗೆ ಬೇಗನೇ ಉತ್ತರ ಸಿಕ್ಕಿತು. ಮೊದಲ ಟ್ರೈ ಹೊಡೆದದ್ದು ಕೌಬಾಯ್ಸ್‌ನ ಮ್ಯಾಟ್ ಬೋವೆನ್. ಆ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಡ್ಯಾಲಿ ಎಂ ಪದಕ ಗೆದ್ದಿದ್ದ ಜೊನಾಥನ್ ಥರ್ಸ್ಟನ್ ಕೂಡ ಅದೇ ತಂಡದಲ್ಲಿದ್ದ. ಟೈಗರ್ಸ್ ಸಮ ಮಾಡಿಕೊಂಡಿತು. ಆಮೇಲೆ 35ನೇ ನಿಮಿಷ. ಬೆಂಜಿ ಮಾರ್ಷಲ್ ಚೆಂಡು ಹಿಡಿದದ್ದು ತನ್ನದೇ ಅರ್ಧದ ತೀರಾ ಒಳಗೆ. ಅಲ್ಲಿಂದ ಯಾರೂ ಟ್ರೈ ಯೋಚನೆ ಮಾಡುವುದಿಲ್ಲ, ಸುಮ್ನೆ ಹತ್ತು ಮೀಟರ್ ಓಡಿ ಬಿದ್ದು ಎದ್ದರೆ ಸಾಕು. ಇವನು ಎದುರಾಳಿ ಸಾಲಿನ ಸಂದಿಯಲ್ಲಿ ನುಗ್ಗಿ ಓಡಿದ. ಎಡಗಡೆ ಪ್ಯಾಟ್ ರಿಚರ್ಡ್ಸ್ ಓಡಿ ಬರುತ್ತಿದ್ದ. ಇನ್ನೇನು ಹಿಡಿದರು ಅನ್ನುವಾಗ ಬೆಂಜಿ ತಿರುಗಿಯೂ ನೋಡದೆ ಒಂದೇ ಕೈಯಲ್ಲಿ ಚೆಂಡನ್ನು ಬೆನ್ನ ಹಿಂದಿನಿಂದ ಚಿಮ್ಮಿಸಿದ. ಅದು ಹೋಗಿ ನೇರ ರಿಚರ್ಡ್ಸ್ ಕೈಗೆ ಕೂತಿತು. ರಿಚರ್ಡ್ಸ್‌ಗೆ ಆ ಪಂದ್ಯ ಆಡುವುದೇ ಅನುಮಾನವಿತ್ತು, ಹಿಂದಿನ ಪಂದ್ಯದಲ್ಲಿ ಕಾಲಿನ ಹರಡಿಗೆ ಪೆಟ್ಟಾಗಿತ್ತು. ಆ ಕಾಲಲ್ಲೇ ಓಡಿ, ತಡೆಯಲು ಬಂದವನ ಮುಖಕ್ಕೆ ಅಂಗೈ ಒತ್ತಿ ಅವನನ್ನು ನೆಲಕ್ಕೆ ಕೆಡವಿ ಗೆರೆ ದಾಟಿದ. ವಿಡಿಯೊ ಹುಡುಕಿ ನೋಡಿ, ನಿಯಮ ಒಂದೂ ಗೊತ್ತಿಲ್ಲದವರಿಗೂ ಅರ್ಥವಾಗುವ ಆಟ ಅದು. ತಪ್ಪಿ ಚೆಂಡು ಕೆಳಗೆ ಬಿದ್ದಿದ್ದರೆ ಅದೇ ಬೆಂಜಿಯನ್ನು ಹುಚ್ಚ ಅನ್ನುತ್ತಿದ್ದರು.

ವಿರಾಮಕ್ಕೆ 12–6. ಎರಡನೇ ಅರ್ಧದಲ್ಲಿ ಕೌಬಾಯ್ಸ್ ಬೆನ್ನುಹತ್ತಿದರೂ ಹಿಡಿಯಲಾಗಲಿಲ್ಲ. ಪಂದ್ಯಶ್ರೇಷ್ಠನಿಗೆ ಕೊಡುವ ಕ್ಲೈವ್ ಚರ್ಚಿಲ್ ಪದಕ ಸ್ಕಾಟ್ ಪ್ರಿನ್ಸ್‌ಗೆ ಹೋಯಿತು. ಪ್ರಿನ್ಸ್ ಎತ್ತಿ ಹಿಡಿದ ಟ್ರೋಫಿಯ ಮೇಲೆ ಇಬ್ಬರು ಆಟಗಾರರ ಮೂರ್ತಿ ಇದೆ. 1963ರ ಫೈನಲ್ ಮುಗಿದಮೇಲೆ ಮೈತುಂಬಾ ಕೆಸರು ಮೆತ್ತಿಕೊಂಡು ಒಬ್ಬರನ್ನೊಬ್ಬರು ತಬ್ಬಿಕೊಂಡ ಎದುರಾಳಿ ಕ್ಯಾಪ್ಟನ್‌ಗಳು. ಎತ್ತರದವರು ಗೆದ್ದ ಸೇಂಟ್ ಜಾರ್ಜ್‌ನ ನಾರ್ಮ್ ಪ್ರೊವಾನ್. ಗಿಡ್ಡಗಿನವರು ಸೋತ ತಂಡದ ಆರ್ಥರ್ ಸಮನ್ಸ್. ಸೋತ ತಂಡ ವೆಸ್ಟರ್ನ್ ಸಬರ್ಬ್ಸ್!

ಹಾಗಾದರೆ ಟೈಗರ್ಸ್ ಮತ್ತೆ ಯಾಕೆ ಗೆಲ್ಲಲಿಲ್ಲ? ಬಾಗಿಲು ತೆರೆದ ನಿಯಮವೇ ಮುಚ್ಚಿತು. ಬೆಲೆ ಬಾರದ ಹುಡುಗರಿಗೆ ಚಾಂಪಿಯನ್ ಆದಮೇಲೆ ಬೆಲೆ ಬಂತು, ಮಿತಿ ಮಾತ್ರ ಅಲ್ಲೇ ಇತ್ತು. ರಿಚರ್ಡ್ಸ್ ಇಂಗ್ಲೆಂಡಿನ ವಿಗನ್ ಸೇರಿದ. ಪ್ರಿನ್ಸ್ 2007ರಲ್ಲಿ ಲೀಗ್‌ಗೆ ಹೊಸದಾಗಿ ಬಂದ ಗೋಲ್ಡ್ ಕೋಸ್ಟ್ ಟೈಟನ್ಸ್‌ಗೆ ಹೋದ. ಬೆಂಜಿಗೆ ಭುಜದ ಗಾಯ ಬಿಡಲಿಲ್ಲ. 2006ರಲ್ಲಿ ಚಾಂಪಿಯನ್ನರು ಫೈನಲ್ಸ್‌ಗೂ ಬರಲಿಲ್ಲ. ಮತ್ತೆ ಬಂದದ್ದು 2010 ಮತ್ತು 2011ರಲ್ಲಿ. 2012ರ ಕೊನೆಗೆ ಶೀನ್ಸ್ ಅವರನ್ನು ತೆಗೆದರು. 2023ರಲ್ಲಿ ಮತ್ತೆ ಅವರನ್ನೇ ಕರೆತಂದರು, ಮರುವರ್ಷ ಬೆಂಜಿ ಮಾರ್ಷಲ್ ಕೋಚ್ ಆದ. ಆದರೂ 2022, 2023, 2024, ಮೂರು ವರ್ಷ ಸತತವಾಗಿ ಕೊನೆಯ ಸ್ಥಾನ.

ಮಿತಿ ಇರುವಾಗ ಯಾರೂ ಬಹುಕಾಲ ಮೇಲೆ ಇರಲಾರರು ಅಂತ ಇಷ್ಟು ಓದಿದಮೇಲೆ ಅನಿಸಬಹುದು. ಪೆನ್ರಿತ್ ಅದನ್ನೂ ಸುಳ್ಳು ಮಾಡಿತು. 2021ರಿಂದ 2024ರವರೆಗೆ ಸತತ ನಾಲ್ಕು ಸಲ ಚಾಂಪಿಯನ್. ಪ್ರತಿ ವರ್ಷ ಒಳ್ಳೆಯ ಆಟಗಾರರು ದುಡ್ಡಿಗೆ ಬೇರೆ ಕ್ಲಬ್‌ಗೆ ಹೋಗುತ್ತಲೇ ಇದ್ದರು, ಅವರ ಜಾಗಕ್ಕೆ ಪಶ್ಚಿಮ ಸಿಡ್ನಿಯ ತಮ್ಮದೇ ಕಿರಿಯರ ತಂಡಗಳಿಂದ ಇನ್ನೂ ಹೆಸರಾಗದ ಹುಡುಗ ಬರುತ್ತಲೇ ಇದ್ದ. ಟೈಗರ್ಸ್‌ಗೆ 2005ರಲ್ಲಿ ಅಂಥದ್ದೊಂದು ಗುಂಪು ಕೂಡಿ ಬಂದಿತ್ತು, ಅದು ಚದುರಿದಮೇಲೆ ಹಿಂದಿನ ಸಾಲಿನಲ್ಲಿ ಅಷ್ಟು ಹುಡುಗರು ಇರಲಿಲ್ಲ.